ಕರುಳಿಗೂ ಉಂಟು ನರಗಳ ಮಾತು

ನಮ್ಮ ಚಾಮರಾಜನಗರ ಜಿಲ್ಲೆಯ ಹನೂರು ಭಾಗದ ಸುಳ್ವಾಡಿ ಗ್ರಾಮದ ಹೆಸರು ಈಗ ನಾಡಿಗೆಲ್ಲ ಗೊತ್ತು. 2018ರ ಡಿಸೆಂಬರ್ 14, ಶುಕ್ರವಾರ. ಅಲ್ಲಿಯ ಕಿಚ್ಚುಗುತ್ತಿ ಮಾರಮ್ಮನ ದೇವಸ್ಥಾನದಲ್ಲಿ ಗೋಪುರದ ಶಂಕುಸ್ಥಾಪನೆ ನಡೆದು, ಬಂದ ಭಕ್ತರಿಗೆ ಪ್ರಸಾದವೆಂದು ಬಾತ್ ಹಂಚಲಾಯಿತು. ತಿಂದ ಸ್ವಲ್ಪ ಹೊತ್ತಿಗೆಲ್ಲ ಒಬ್ಬರಾದ ಮೇಲೆ ಒಬ್ಬರಿಗೆ ವಾಂತಿ, ಹೊಟ್ಟೆನುಲಿತ, ಭೇದಿ ಪ್ರಾರಂಭವಾಯಿತು. ನೂರಕ್ಕೂ ಹೆಚ್ಚು ಮಂದಿಯನ್ನು ಕಾಮಗೆರೆ, ಕೊಳ್ಳೇಗಾಲ, ಕೊನೆಗೆ ನೂರು ಕಿಲೋಮೀಟರಿಗೂ ಆಚೆಯ ಮೈಸೂರಿನ ಆಸ್ಪತ್ರೆಗಳಿಗೆ ಸಾಗಿಸಬೇಕಾಯಿತು. ಅನೇಕರನ್ನು ಕೃತಕ ಉಸಿರಾಟದ ಯಂತ್ರಕ್ಕೆ ಹಾಕಬೇಕಾಯಿತು. ಹದಿನೇಳು ಮಂದಿ ಉಳಿಯಲಿಲ್ಲ.

ಆ ಬಾತ್‌ನಲ್ಲಿದ್ದದ್ದು ಮಾನೋಕ್ರೋಟೋಫಾಸ್ ಎಂಬ ಕೀಟನಾಶಕ. ಘಟನೆಯ ಅಪರಾಧದ ಮಗ್ಗುಲು ಪೊಲೀಸರಿಗೂ ನ್ಯಾಯಾಲಯಕ್ಕೂ ಸೇರಿದ್ದು. ಈ ಅಂಕಣದ ಕೆಲಸ ಅದಲ್ಲ. ವೈದ್ಯನಾದವನ ಮನಸ್ಸಿಗೆ ಬರುವ ಪ್ರಶ್ನೆ ಬೇರೆ. ಕೀಟದ ನರಗಳನ್ನು ಹಾಳುಮಾಡಲೆಂದು ತಯಾರಿಸಿದ ವಿಷವು ಮನುಷ್ಯನ ಹೊಟ್ಟೆಯನ್ನು ಹೀಗೇಕೆ ಹಿಂಡುತ್ತದೆ? ನರಕ್ಕೂ ಭೇದಿಗೂ ಎಲ್ಲಿಯ ಸಂಬಂಧ?

ಸಂಬಂಧ ಬಹಳ ಹತ್ತಿರದ್ದು. ಅದನ್ನು ತಿಳಿದುಕೊಂಡರೆ ಹೊಲಕ್ಕೆ ‘ಔಷಧಿ’ ಹೊಡೆಯುವ ಮನೆಯವರಿಗೂ ಪ್ರಯೋಜನವಿದೆ, ಹೊಟ್ಟೆನೋವಿಗೆ ಅಂಗಡಿಯಿಂದ ಮಾತ್ರೆ ತಂದು ನುಂಗುವವರಿಗೂ ಪ್ರಯೋಜನವಿದೆ.

ಮೊದಲು ಕರುಳು ಹೇಗೆ ಚಲಿಸುತ್ತದೆ ಎಂಬುದನ್ನು ನೋಡೋಣ. ವಯಸ್ಕರಲ್ಲಿ ಸಣ್ಣಕರುಳು ಸುಮಾರು ಆರು ಮೀಟರ್ ಉದ್ದ, ದೊಡ್ಡಕರುಳು ಒಂದೂವರೆ ಮೀಟರ್. ನೀವು ಮಧ್ಯಾಹ್ನ ಉಂಡ ಮುದ್ದೆ, ಉಪ್ಸಾರು ಈ ದಾರಿಯನ್ನೆಲ್ಲ ತಾನಾಗಿ ಸವೆಸುವುದಿಲ್ಲ. ಕರುಳಿನ ಗೋಡೆಯಲ್ಲಿ ಎರಡು ಪದರ ಸ್ನಾಯುಗಳಿವೆ. ಒಳಗಿನದು ಬಳೆಯಂತೆ ಸುತ್ತಿಕೊಂಡಿದೆ, ಹೊರಗಿನದು ಉದ್ದುದ್ದಕ್ಕೆ ಹಾಸಿಕೊಂಡಿದೆ. ಇವು ಕೆಲವೊಮ್ಮೆ ಆಹಾರವನ್ನು ಅಲ್ಲಲ್ಲೇ ಕಲಸುತ್ತವೆ, ಕೆಲವೊಮ್ಮೆ ಅಲೆಯಂತೆ ಮುಂದಕ್ಕೆ ತಳ್ಳುತ್ತವೆ. ಈ ಅಲೆಗೆ ಒಂದು ಕ್ರಮವಿದೆ. ಆಹಾರದ ಉಂಡೆ ಎಲ್ಲಿದೆಯೋ ಅದರ ಹಿಂದಿನ ಭಾಗ ಬಿಗಿಯುತ್ತದೆ, ಮುಂದಿನ ಭಾಗ ಸಡಿಲವಾಗುತ್ತದೆ. ಹಿಂದೆ ಬಿಗಿದು ಮುಂದೆ ದಾರಿ ಬಿಡದಿದ್ದರೆ ಆಹಾರ ಹೋಗುವುದೆಲ್ಲಿಗೆ? ಎರಡೂ ಕೂಡಿ ನಡೆಯಬೇಕು. ಇಂಗ್ಲೆಂಡಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬ ವಿಜ್ಞಾನಿಗಳು 1899ರಲ್ಲಿ ಇದನ್ನು ‘ಕರುಳಿನ ನಿಯಮ’ವೆಂದೇ ಕರೆದರು. ಹೊರಗಿನಿಂದ ಬರುವ ನರಗಳನ್ನೆಲ್ಲ ಕತ್ತರಿಸಿದ ಮೇಲೂ ಕರುಳು ಈ ನಿಯಮವನ್ನು ಬಿಡಲಿಲ್ಲವೆಂಬುದೇ ಅವರು ಕಂಡ ಸೋಜಿಗ.

ಈ ಸೋಜಿಗವನ್ನು ನೋಡಲು ಇಂಗ್ಲೆಂಡಿಗೇನೂ ಹೋಗಬೇಕಿಲ್ಲ. ಹಬ್ಬದಲ್ಲಿ ಕುರಿ ಕೊಯ್ದಾಗ ಆಗತಾನೆ ಹೊರತೆಗೆದ ಕರುಳು ಹಾವಿನಂತೆ ಹೊರಳುವುದನ್ನು ನಮ್ಮ ಹಳ್ಳಿಯ ಮಕ್ಕಳು ಎಷ್ಟೋ ಮಂದಿ ಕಂಡಿದ್ದಾರೆ. ಅದಕ್ಕೆ ಮಿದುಳಿನ ಸಂಪರ್ಕ ತಪ್ಪಿ ಆಗಲೇ ಕೆಲವು ನಿಮಿಷ ಕಳೆದಿರುತ್ತದೆ. ಆದರೂ ಅದು ಹೊರಳುತ್ತದೆ, ಏಕೆಂದರೆ ಕರುಳಿಗೆ ತನ್ನದೇ ಆದ ನರಮಂಡಲವಿದೆ. ಎರಡು ಸ್ನಾಯುಪದರಗಳ ನಡುವೆ ಬಲೆಯಂತೆ ಹಬ್ಬಿರುವ ನರಗಳನ್ನು ಜರ್ಮನಿಯ ಆವರ್‌ಬಾಕ್ 1862ರಲ್ಲಿ ವರ್ಣಿಸಿದರು. ಒಳಪೊರೆಯ ಅಡಿಯ ಇನ್ನೊಂದು ಬಲೆಯನ್ನು ಅದಕ್ಕೂ ಮೊದಲು, 1857ರಲ್ಲಿ, ಮೈಸ್ನರ್ ಗುರುತಿಸಿದ್ದರು. ಈ ಬಲೆಗಳಲ್ಲಿರುವ ನರಕೋಶಗಳ ಸಂಖ್ಯೆ ಹತ್ತು ಕೋಟಿಗೂ ಹೆಚ್ಚೆಂದು ಅಂದಾಜು. ‘ಹೊಟ್ಟೆಯೊಳಗಿನ ಎರಡನೇ ಮಿದುಳು’ ಎಂಬ ಬಣ್ಣನೆ ಸ್ವಲ್ಪ ಅತಿಯಾಯಿತು. ಕರುಳು ಚಿಂತಿಸುವುದಿಲ್ಲ, ಲೆಕ್ಕ ಮಾಡುವುದಿಲ್ಲ. ಆದರೆ ತನ್ನ ದಿನದ ಕೆಲಸಕ್ಕೆ ಮಿದುಳಿನ ಅಪ್ಪಣೆ ಕೇಳುವುದಿಲ್ಲ ಎಂಬುದಂತೂ ನಿಜ.

ಇನ್ನು ನರಗಳು ಮಾತಾಡುವ ಬಗೆ. ನರವೆಂದರೆ ವಿದ್ಯುತ್ ತಂತಿಯಿದ್ದಂತೆ ಎಂದು ಶಾಲೆಯಲ್ಲಿ ಓದಿದ್ದೇವೆ. ಅದು ಅರ್ಧ ಸತ್ಯ. ನರದುದ್ದಕ್ಕೂ ಹರಿಯುವುದು ವಿದ್ಯುತ್ತೇ ಹೌದು. ಆದರೆ ನರದ ತುದಿಗೂ ಸ್ನಾಯುವಿಗೂ ನಡುವೆ ಕಣ್ಣಿಗೆ ಕಾಣದಷ್ಟು ಕಿರಿದಾದ ಸಂದು ಇದೆ. ಆ ಸಂದನ್ನು ವಿದ್ಯುತ್ತು ದಾಟುವುದಿಲ್ಲ. ನರದ ತುದಿಯಿಂದ ಒಂದು ರಾಸಾಯನಿಕ ಚಿಮ್ಮಿ ಆಚೆ ದಡದ ಗ್ರಾಹಕಗಳಿಗೆ ಅಂಟಿಕೊಳ್ಳುತ್ತದೆ. ಇದನ್ನು ತೋರಿಸಿಕೊಟ್ಟವರು ಆಟ್ಟೋ ಲೋವಿ. ಪ್ರಯೋಗ ಹೇಗೆ ಮಾಡಬೇಕೆಂಬುದು ಅವರಿಗೆ ಕನಸಿನಲ್ಲಿ ಹೊಳೆಯಿತಂತೆ. ಎದ್ದು ಚೀಟಿಯಲ್ಲಿ ಬರೆದಿಟ್ಟು ಮಲಗಿದರೆ ಬೆಳಿಗ್ಗೆ ತಮ್ಮ ಬರಹ ತಮಗೇ ಓದಲಾಗಲಿಲ್ಲ! (ವೈದ್ಯರ ಬರವಣಿಗೆ ಅಂದಿನಿಂದ ಇಂದಿನವರೆಗೂ ಹಾಗೆಯೇ ಉಳಿದಿದೆ.) ಮರುರಾತ್ರಿ ಅದೇ ಕನಸು ಬಿದ್ದಾಗ ನೇರವಾಗಿ ಪ್ರಯೋಗಾಲಯಕ್ಕೆ ಹೋದರು. ಒಂದು ಕಪ್ಪೆಯ ಹೃದಯದ ನರವನ್ನು ಪ್ರಚೋದಿಸಿ ಅದರ ಬಡಿತವನ್ನು ನಿಧಾನಗೊಳಿಸಿದರು. ಆ ಹೃದಯವನ್ನು ತೋಯಿಸಿದ್ದ ದ್ರವವನ್ನು ಇನ್ನೊಂದು ಕಪ್ಪೆಯ ಹೃದಯಕ್ಕೆ ಹಾಕಿದರು. ಅದರ ನರವನ್ನು ಯಾರೂ ಮುಟ್ಟಿರಲಿಲ್ಲ, ಆದರೂ ಅದೂ ನಿಧಾನವಾಯಿತು. 1921ರಲ್ಲಿ ಪ್ರಕಟವಾದ ಈ ಸಂಶೋಧನೆಗಾಗಿ ಲೋವಿಯವರಿಗೆ, ಹೆನ್ರಿ ಡೇಲ್ ಎಂಬ ಇಂಗ್ಲಿಷ್ ವಿಜ್ಞಾನಿಯ ಜೊತೆಗೆ, 1936ರಲ್ಲಿ ನೊಬೆಲ್ ಬಹುಮಾನ ಬಂತು. ಆ ರಾಸಾಯನಿಕದ ಹೆಸರು ಅಸಿಟೈಲ್‌ಕೋಲಿನ್.

ಹೃದಯವನ್ನು ನಿಧಾನಗೊಳಿಸುವ ಈ ಅಸಿಟೈಲ್‌ಕೋಲಿನ್ ಕರುಳನ್ನು ಮಾತ್ರ ಓಡಿಸುತ್ತದೆ. ಒಂದೇ ವಸ್ತು ಎರಡು ಕಡೆ ಎರಡು ಬಗೆಯಾಗಿ ವರ್ತಿಸುವುದು ಹೇಗೆಂದರೆ, ಆಜ್ಞೆಯ ಅರ್ಥ ಇರುವುದು ಆಜ್ಞೆಯಲ್ಲಲ್ಲ, ಕೇಳಿಸಿಕೊಳ್ಳುವ ಗ್ರಾಹಕದಲ್ಲಿ. ಬಸ್ಸಿನಲ್ಲಿ ಕಂಡಕ್ಟರ್ ಸೀಟಿ ಊದಿದರೆ ಡ್ರೈವರ್ ಬ್ರೇಕ್ ಒತ್ತುತ್ತಾನೆ, ಇಳಿಯುವ ಪ್ರಯಾಣಿಕ ಎದ್ದು ನಿಲ್ಲುತ್ತಾನೆ. ಸೀಟಿ ಒಂದೇ.

ಈ ಹೋಲಿಕೆಯನ್ನು ಇನ್ನೂ ಸ್ವಲ್ಪ ದೂರ ಒಯ್ಯೋಣ. ಸೀಟಿ ಊದಿದ ಮೇಲೆ ನಿಲ್ಲಬೇಕು, ನಿಂತರೇ ಮುಂದಿನ ಸೀಟಿಗೆ ಅರ್ಥ. ಅಸಿಟೈಲ್‌ಕೋಲಿನ್ ಕೂಡ ಕೆಲಸ ಮುಗಿದ ಕ್ಷಣದಲ್ಲೇ ಮಾಯವಾಗಬೇಕು. ಇದಕ್ಕೆಂದೇ ಆ ಸಂದಿನಲ್ಲಿ ಕೋಲಿನೆಸ್ಟರೇಸ್ ಎಂಬ ಕಿಣ್ವವಿದೆ. ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಬೇಗ ಅದು ಅಸಿಟೈಲ್‌ಕೋಲಿನನ್ನು ತುಂಡರಿಸಿ ಹಾಕುತ್ತದೆ. ಈ ಕಿಣ್ವದ ಹೆಸರನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಸುಳ್ವಾಡಿಯ ಕಥೆಯೆಲ್ಲ ಇರುವುದು ಇದರಲ್ಲೇ.

ಅದಕ್ಕೆ ಮೊದಲು ಕರುಳಿನೊಳಗಿನ ಉಳಿದ ಪಾತ್ರಧಾರಿಗಳನ್ನು ನೋಡಿಬಿಡೋಣ. ಆಹಾರ ಬಂದು ಕರುಳಿನ ಒಳಪೊರೆಯನ್ನು ತಾಕಿದಾಗ ಅಲ್ಲಿಯ ಕೆಲವು ವಿಶೇಷ ಕೋಶಗಳು ಸೆರೊಟೋನಿನ್ ಎಂಬ ರಾಸಾಯನಿಕವನ್ನು ಬಿಡುತ್ತವೆ. ‘ಮನಸ್ಸಿನ ಉಲ್ಲಾಸದ ರಾಸಾಯನಿಕ’ವೆಂದು ಪತ್ರಿಕೆಗಳಲ್ಲಿ ಓದಿರುತ್ತೀರಿ. ವಾಸ್ತವವಾಗಿ ದೇಹದ ಸೆರೊಟೋನಿನ್‌ನಲ್ಲಿ ನೂರಕ್ಕೆ ತೊಂಬತ್ತು ಪಾಲಿಗೂ ಹೆಚ್ಚು ಇರುವುದು ಕರುಳಿನಲ್ಲಿ. ಇಟಲಿಯ ಎರ್ಸ್‌ಪಾಮರ್ 1930ರ ದಶಕದಲ್ಲಿ ಇದನ್ನು ಮೊದಲು ಕಂಡಿದ್ದೂ ಕರುಳಿನಲ್ಲೇ. ಈ ಸೆರೊಟೋನಿನ್ ‘ಇಲ್ಲಿ ಆಹಾರ ಬಂದಿದೆ’ ಎಂಬ ಸುದ್ದಿಯನ್ನು ನರಗಳಿಗೆ ಮುಟ್ಟಿಸುತ್ತದೆ. ಸುದ್ದಿ ಬಲೆಯಲ್ಲಿ ಎರಡೂ ದಿಕ್ಕಿಗೆ ಹರಡುತ್ತದೆ. ಹಿಂದಿನ ನರಗಳು ಅಸಿಟೈಲ್‌ಕೋಲಿನ್ ಬಿಟ್ಟು ಸ್ನಾಯುವನ್ನು ಬಿಗಿಯುತ್ತವೆ. ಮುಂದಿನ ನರಗಳು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು, ಅದರೊಡನೆ ಇನ್ನೂ ಕೆಲವು ವಸ್ತುಗಳನ್ನು ಬಿಟ್ಟು ಸ್ನಾಯುವನ್ನು ಸಡಿಲಿಸುತ್ತವೆ. ನರವೊಂದು ಅನಿಲದ ಮೂಲಕ ಆಜ್ಞೆ ಕೊಡುತ್ತದೆ ಎಂಬುದನ್ನು 1990ರ ಸುಮಾರಿನವರೆಗೆ ಯಾರೂ ನಂಬುತ್ತಿರಲಿಲ್ಲ. ಬೇಲಿಸ್ ಮತ್ತು ಸ್ಟಾರ್ಲಿಂಗ್ ಕಂಡ ನಿಯಮದ ಹಿಂದೆ ಇರುವುದು ಈ ಜೋಡಿ ಆಜ್ಞೆ.

ಮಿದುಳು ಸುಮ್ಮನೆ ಕೂತಿರುತ್ತದೆಯೇ? ಇಲ್ಲ. ವೇಗಸ್ ಎಂಬ ನರದ ಮೂಲಕ ಅದು ಕರುಳನ್ನು ಚುರುಕುಗೊಳಿಸಬಲ್ಲದು. ಅನುವೇದನಾ ನರಗಳ ಮೂಲಕ, ಅಸಿಟೈಲ್‌ಕೋಲಿನ್ ಹೊರಬರುವುದನ್ನೇ ತಡೆದು, ತೆಪ್ಪಗೂ ಮಾಡಬಲ್ಲದು. ಹಾಗಾದರೆ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಬೆಳಿಗ್ಗೆ ಮಗ ಮೂರು ಸಲ ಕಕ್ಕಸಿಗೆ ಓಡುವುದೇಕೆ ಎಂದು ತಾಯಂದಿರು ಕೇಳುವುದುಂಟು. ಆತಂಕದ ಹೊತ್ತಿನಲ್ಲಿ ಮಿದುಳಿನಲ್ಲಿ ಉತ್ಪತ್ತಿಯಾಗುವ ಒಂದು ರಾಸಾಯನಿಕ ಜಠರವನ್ನು ತಡೆಯುತ್ತದೆ, ದೊಡ್ಡಕರುಳನ್ನು ಮಾತ್ರ ಓಡಿಸುತ್ತದೆ. ತಿಂಡಿ ಸೇರದಿರುವುದು, ಭೇದಿಯಾಗುವುದು ಎರಡೂ ಅದರಿಂದಲೇ. ಮಗ ನಾಟಕ ಮಾಡುತ್ತಿಲ್ಲ. ಅವನನ್ನು ಬೈಯಬೇಡಿ.

ಈಗ ಸುಳ್ವಾಡಿಗೆ ಬರೋಣ. ಮಾನೋಕ್ರೋಟೋಫಾಸ್ ‘ಸಾವಯವ ರಂಜಕ’ ಗುಂಪಿನ ಕೀಟನಾಶಕ. ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್, ಕ್ವಿನಾಲ್‌ಫಾಸ್, ಡೈಮಿಥೋಯೇಟ್ ಇವೂ ಅದೇ ಗುಂಪಿನವು. ಹೆಸರಿನ ಕೊನೆಯಲ್ಲಿ ‘ಫಾಸ್’ ಎಂದಿದ್ದರೆ ಈ ಗುಂಪಿನದಿರಬಹುದೆಂದು ಊಹಿಸಬಹುದು, ಹಾಗಿಲ್ಲದಿದ್ದರೆ ಅಲ್ಲವೆಂದು ಮಾತ್ರ ಹೇಳಲಾಗದು. ಇವೆಲ್ಲ ಮಾಡುವುದು ಒಂದೇ ಕೆಲಸ: ಕೋಲಿನೆಸ್ಟರೇಸ್ ಕಿಣ್ವಕ್ಕೆ ಅಂಟಿಕೊಂಡು ಅದನ್ನು ನಿಷ್ಕ್ರಿಯಗೊಳಿಸುವುದು. ತುಂಡರಿಸುವವರಿಲ್ಲದೆ ಅಸಿಟೈಲ್‌ಕೋಲಿನ್ ಸಂದಿನಲ್ಲಿ ತುಂಬಿಕೊಳ್ಳುತ್ತದೆ. ಸೀಟಿ ಊದುತ್ತಲೇ ಇರುತ್ತದೆ. ಕೀಟ ಸಾಯುವುದು ಹೀಗೆ. ಮನುಷ್ಯನ ಸಂದುಗಳಲ್ಲಿರುವ ರಾಸಾಯನಿಕವೂ ಅದೇ ಆದುದರಿಂದ ಮನುಷ್ಯ ಸಾಯುವುದೂ ಹೀಗೆಯೇ.

ಕರುಳು ಬಿಡುವಿಲ್ಲದೆ ಬಿಗಿಯುತ್ತದೆ. ಹೊಟ್ಟೆ ನುಲಿಯುತ್ತದೆ, ವಾಂತಿಯಾಗುತ್ತದೆ, ತಡೆಯಲಾರದ ಭೇದಿಯಾಗುತ್ತದೆ. ಜೊಲ್ಲು, ಕಣ್ಣೀರು, ಬೆವರು ಸುರಿಯುತ್ತವೆ. ಅರಿವಿಲ್ಲದೆ ಮೂತ್ರ ಹೋಗುತ್ತದೆ. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು ಕಿರಿದಾಗುತ್ತದೆ. ಶ್ವಾಸಕೋಶದಲ್ಲಿ ನೀರಿನಂತಹ ಕಫ ತುಂಬಿ ಬಾಯಲ್ಲಿ ನೊರೆ ಬರುತ್ತದೆ. ಅನಂತರ ಕೈಕಾಲಿನ ಸ್ನಾಯುಗಳು ಚರ್ಮದಡಿಯಲ್ಲಿ ಹುಳು ಹರಿದಂತೆ ಅದುರುತ್ತವೆ, ದಣಿದು ಸೋಲುತ್ತವೆ. ಉಸಿರಾಟದ ಸ್ನಾಯುಗಳೂ ಸೋತಾಗ ಪ್ರಾಣ ಹೋಗುತ್ತದೆ. ಭೇದಿಯಿಂದಲ್ಲ, ಉಸಿರು ನಿಂತು. ಆದುದರಿಂದಲೇ ಸುಳ್ವಾಡಿಯ ರೋಗಿಗಳಿಗೆ ಗ್ಲೂಕೋಸ್ ಬಾಟಲಿಗಿಂತ ಹೆಚ್ಚಾಗಿ ಉಸಿರಾಟದ ಯಂತ್ರ ಬೇಕಾಯಿತು. ಮಾನೋಕ್ರೋಟೋಫಾಸ್ ನೀರಿನಲ್ಲಿ ಪೂರ್ತಿ ಕರಗುವ ವಿಷ. ಬಾತ್‌ನಲ್ಲಿ ಅದು ಕಣ್ಣಿಗೆ ಕಾಣುವಂತಿರಲಿಲ್ಲ.

ಇಲ್ಲಿ ಮನೆಯವರು ತಿಳಿಯಬೇಕಾದ ಒಂದು ವ್ಯತ್ಯಾಸವಿದೆ. ಕೆಟ್ಟ ಆಹಾರ ತಿಂದು ವಾಂತಿಭೇದಿಯಾದವರ ಬಾಯಿ ಒಣಗುತ್ತದೆ, ನಾಲಿಗೆ ಅಂಟುತ್ತದೆ, ಕಣ್ಣು ಒಳಸೇರುತ್ತದೆ. ದೇಹ ನೀರನ್ನು ಕಳೆದುಕೊಂಡಾಗ ಹಾಗಾಗುವುದು ಸಹಜ. ಕೀಟನಾಶಕದ ವಿಷವಾದರೆ ಇದಕ್ಕೆ ವಿರುದ್ಧ: ವಾಂತಿಭೇದಿಯ ಜೊತೆಗೇ ಬಾಯಿ, ಕಣ್ಣು, ಮೈ ಎಲ್ಲ ಒದ್ದೆ. ವಾಂತಿಭೇದಿಯಾದವರ ಬಾಯಲ್ಲಿ ಜೊಲ್ಲು ಸುರಿಯುತ್ತಿದ್ದರೆ, ಪಾಪೆ ಕಿರಿದಾಗಿದ್ದರೆ, ಮೈ ಅದುರುತ್ತಿದ್ದರೆ, ಬಟ್ಟೆಯಿಂದ ಇಲ್ಲವೇ ಬಾಯಿಂದ ಔಷಧಿಯ ವಾಸನೆ ಬರುತ್ತಿದ್ದರೆ, ಒಟ್ಟಿಗೆ ಉಂಡ ಹಲವರಿಗೆ ಅರ್ಧ ಮುಕ್ಕಾಲು ಗಂಟೆಯಲ್ಲೇ ಹೀಗಾಗಿದ್ದರೆ, ‘ಉಷ್ಣವಾಗಿದೆ, ಮಜ್ಜಿಗೆ ಕೊಡಿ’ ಎಂದು ಕೂರಬಾರದು. 108ಕ್ಕೆ ಫೋನ್ ಮಾಡಬೇಕು.

ವಾಹನ ಬರುವವರೆಗೆ ಮಾಡಬೇಕಾದ್ದು ಬಹಳವಿಲ್ಲ, ಆದರೆ ಇರುವಷ್ಟನ್ನು ಸರಿಯಾಗಿ ಮಾಡಬೇಕು. ವಿಷ ಮೈಮೇಲೆ ಚೆಲ್ಲಿದ್ದರೆ ಬಟ್ಟೆಯನ್ನೆಲ್ಲ ತೆಗೆದು ಸೋಪು ಹಚ್ಚಿ, ಕೂದಲು, ಉಗುರು ಸಂದು ಸಮೇತ, ಧಾರಾಳವಾಗಿ ನೀರಿನಲ್ಲಿ ತೊಳೆಯಿರಿ. ತೊಳೆಯುವವರು ಕೈಗೆ ಪ್ಲಾಸ್ಟಿಕ್ ಚೀಲವನ್ನಾದರೂ ಕಟ್ಟಿಕೊಳ್ಳಲಿ, ಈ ವಿಷ ಚರ್ಮದ ಮೂಲಕವೂ ಒಳಹೋಗುತ್ತದೆ. ರೋಗಿಯನ್ನು ಎಡಮಗ್ಗುಲಿಗೆ ಮಲಗಿಸಿ. ಉಪ್ಪುನೀರು, ಹುಣಸೆನೀರು, ಹಾಲು, ಎಣ್ಣೆ, ಏನನ್ನೂ ಕುಡಿಸಬೇಡಿ. ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಅರೆಪ್ರಜ್ಞೆಯಲ್ಲಿರುವವರ ವಾಂತಿ ಶ್ವಾಸಕೋಶಕ್ಕೆ ಇಳಿದರೆ ಎರಡನೇ ಅಪಾಯ ನಾವೇ ತಂದಂತೆ. ವಿಷದ ಡಬ್ಬವನ್ನೋ ಅದರ ಚೀಟಿಯನ್ನೋ ತಪ್ಪದೆ ಆಸ್ಪತ್ರೆಗೆ ತನ್ನಿ. ಎಲ್ಲ ವಿಷಗಳಿಗೂ ಚಿಕಿತ್ಸೆ ಒಂದೇ ಅಲ್ಲ. ಕಳೆ ಸಾಯಿಸುವ ಪ್ಯಾರಾಕ್ವಾಟ್‌ಗೆ ಈ ಗುಂಪಿನ ಮದ್ದು ಉಪಯೋಗಕ್ಕೆ ಬರುವುದಿಲ್ಲ.

ಆಸ್ಪತ್ರೆಯಲ್ಲಿ ಕೊಡುವ ಮುಖ್ಯ ಮದ್ದು ಅಟ್ರೋಪಿನ್. ಇದು ಕಿಣ್ವವನ್ನು ಸರಿಪಡಿಸುವುದಿಲ್ಲ. ಅಸಿಟೈಲ್‌ಕೋಲಿನ್ ಅಂಟುವ ಗ್ರಾಹಕದ ಮೇಲೆ ತಾನೇ ಹೋಗಿ ಕೂರುತ್ತದೆ. ಸೀಟಿ ನಿಲ್ಲಿಸಲಾಗದಿದ್ದರೆ ಕಿವಿಗೆ ಹತ್ತಿ ಇಟ್ಟಂತೆ. ಎಷ್ಟು ಕೊಡಬೇಕೆಂಬುದಕ್ಕೆ ಪುಸ್ತಕದ ಲೆಕ್ಕ ಸಾಲದು, ರೋಗಿಯನ್ನೇ ನೋಡಿ ಕೊಡಬೇಕು. ಎದೆಯ ಗೊರಗೊರ ಸದ್ದು ಹೋಗುವವರೆಗೆ, ನಾಡಿ ಮತ್ತು ರಕ್ತದೊತ್ತಡ ಸರಿಯಾಗುವವರೆಗೆ ಮತ್ತೆ ಮತ್ತೆ ಕೊಡುತ್ತೇವೆ. ಕೊಟ್ಟದ್ದು ಅತಿಯಾಯಿತೇ ಎಂದು ತಿಳಿಯುವುದು ಹೇಗೆ? ರೋಗಿಗೆ ಜ್ವರ ಬರುತ್ತದೆ, ಬಡಬಡಿಸುತ್ತಾನೆ, ಹೊಟ್ಟೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟರೆ ಕರುಳಿನ ಸದ್ದೇ ಇರುವುದಿಲ್ಲ. ಗಂಟೆಗಳ ಹಿಂದೆ ಗುಡುಗುತ್ತಿದ್ದ ಹೊಟ್ಟೆ ಮಸಣದಂತೆ ಮೌನವಾಗಿರುತ್ತದೆ. ವಿಷದ ರೋಗಿಯ ಹೊಟ್ಟೆಗೆ ವೈದ್ಯರು ಮತ್ತೆ ಮತ್ತೆ ಸ್ಟೆತಾಸ್ಕೋಪ್ ಇಡುವುದೇಕೆಂದು ಇನ್ನು ಮುಂದೆ ನೀವು ಆಶ್ಚರ್ಯಪಡಬೇಕಿಲ್ಲ. ಅಟ್ರೋಪಿನ್ ಜೊತೆಗೆ ಕಿಣ್ವವನ್ನು ಬಿಡಿಸಲು ಯತ್ನಿಸುವ ಪ್ರಾಲಿಡಾಕ್ಸಿಮ್ ಎಂಬ ಮದ್ದನ್ನೂ ಕೆಲವರಿಗೆ ಕೊಡುವುದುಂಟು.

ಅಟ್ರೋಪಿನ್ ಇರುವುದು ನಮ್ಮ ಬೇಲಿಸಾಲಿನ ಉಮ್ಮತ್ತಿ ಗಿಡದ ಸಂಬಂಧಿಗಳಲ್ಲೇ. ಉಮ್ಮತ್ತಿ ಬೀಜ ತಿಂದವರ ಬಾಯಿ ಒಣಗಿ, ಪಾಪೆ ಅಗಲವಾಗಿ, ಕರುಳು ನಿಂತು, ಹುಚ್ಚರಂತೆ ಗಾಳಿಯಲ್ಲಿ ಏನನ್ನೋ ಹಿಡಿಯಲು ಹೋಗುತ್ತಾರೆ. ಕೀಟನಾಶಕದ ಚಿತ್ರವನ್ನು ತಲೆಕೆಳಗು ಮಾಡಿದಂತೆ. ಇದನ್ನು ಓದಿ ಯಾರೂ ಉಮ್ಮತ್ತಿ ರಸವನ್ನು ಮದ್ದೆಂದು ಕುಡಿಸಲು ಹೋಗಬಾರದು. ಒಂದು ಕಾಯಿಯಲ್ಲಿ ಎಷ್ಟಿದೆ, ಇನ್ನೊಂದರಲ್ಲಿ ಎಷ್ಟಿದೆ ಎಂಬುದು ಗಿಡಕ್ಕೂ ಗೊತ್ತಿಲ್ಲ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಅಟ್ರೋಪಿನ್ ಕೊಟ್ಟ ಮೇಲೆ ವಾಂತಿಭೇದಿ ನಿಂತು ರೋಗಿ ಎದ್ದು ಕೂತು ಮಾತಾಡುತ್ತಾನೆ. ಮನೆಯವರು ‘ಗುಣವಾಯಿತು, ಕಳಿಸಿಕೊಡಿ’ ಎಂದು ಹಟ ಹಿಡಿಯುತ್ತಾರೆ. ಅಟ್ರೋಪಿನ್ ಕರುಳು, ಶ್ವಾಸಕೋಶ, ಹೃದಯಗಳಲ್ಲಿರುವ ಗ್ರಾಹಕಗಳನ್ನು ಮಾತ್ರ ಮುಚ್ಚುತ್ತದೆ. ಕೈಕಾಲು, ಕುತ್ತಿಗೆ, ಎದೆಯ ಸ್ನಾಯುಗಳ ಗ್ರಾಹಕ ಬೇರೆ ಜಾತಿಯದು, ಅಲ್ಲಿ ಅಟ್ರೋಪಿನ್ ಆಟ ನಡೆಯುವುದಿಲ್ಲ. ಒಂದರಿಂದ ನಾಲ್ಕು ದಿನಗಳೊಳಗೆ ಕೆಲವರಿಗೆ ಕುತ್ತಿಗೆ ಎತ್ತಲಾಗದೆ, ಉಸಿರು ಸೋಲುವುದುಂಟು. ಹೊಟ್ಟೆ ಸರಿಹೋದುದೇ ಪೂರ್ತಿ ಗುಣವಾದ ಲಕ್ಷಣವಲ್ಲ. ವೈದ್ಯರು ಹೇಳುವವರೆಗೆ ಮನೆಗೆ ಕರೆದೊಯ್ಯಬೇಡಿ.

ಸುಳ್ವಾಡಿಯಂತಹ ಘಟನೆ ಅಪರೂಪ. ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ 2013ರ ಜುಲೈನಲ್ಲಿ ಬಿಸಿಯೂಟ ತಿಂದ 23 ಮಕ್ಕಳು ಸತ್ತದ್ದೂ ಅಡುಗೆ ಎಣ್ಣೆಗೆ ಸೇರಿದ್ದ ಇದೇ ಮಾನೋಕ್ರೋಟೋಫಾಸ್‌ನಿಂದ. ತರಕಾರಿಗೆ ಈ ವಿಷ ಹೊಡೆಯಬಾರದೆಂದು 2005ರಲ್ಲೇ ಕೇಂದ್ರ ಸರ್ಕಾರ ನಿಷೇಧಿಸಿತ್ತು. ಹೆಚ್ಚಾಗಿ ಮಾರಾಟವಾಗುತ್ತಿದ್ದ ಶೇಕಡಾ 36ರ ದ್ರಾವಣವನ್ನು ನಿಲ್ಲಿಸುವ ಆದೇಶ ಬಂದದ್ದು 2023ರಲ್ಲಿ. ಆದರೆ ಆದೇಶ ಬಂದ ಮಾತ್ರಕ್ಕೆ ಅಟ್ಟದ ಮೇಲಿನ ಹಳೆಯ ಡಬ್ಬ ಖಾಲಿಯಾಗುವುದಿಲ್ಲ. ಅದೇ ಗುಂಪಿನ ಬೇರೆ ಕೀಟನಾಶಕಗಳು ಅಂಗಡಿಯಲ್ಲಿ ಸಿಗುತ್ತಲೂ ಇವೆ.

ಇವುಗಳನ್ನು ‘ಔಷಧಿ’ ಎಂದು ಕರೆಯುವ ನಮ್ಮ ರೂಢಿಯೇ ನನಗೆ ಸರಿಕಾಣುವುದಿಲ್ಲ. ಔಷಧಿಯೆಂದ ಮೇಲೆ ಭಯವೆಲ್ಲಿಂದ ಬರಬೇಕು? ಗುಂಡ್ಲುಪೇಟೆ ಸೀಮೆಯಲ್ಲಿ ಟೊಮೆಟೊ, ಚೆಂಡುಹೂ, ಬಾಳೆ, ಅರಿಸಿನ, ಈರುಳ್ಳಿ ಬೆಳೆಯುವ ರೈತರು ಬೆನ್ನಿಗೆ ಕ್ಯಾನು ಕಟ್ಟಿಕೊಂಡು ಬರಿಮೈಯಲ್ಲಿ, ಬಾಯಲ್ಲಿ ಬೀಡಿ ಇಟ್ಟುಕೊಂಡು ಸಿಂಪಡಿಸುವುದನ್ನು ರಸ್ತೆಯಲ್ಲಿ ಹೋಗುವ ಯಾರು ಬೇಕಾದರೂ ಕಾಣಬಹುದು. ಅಂಥವರಿಗೆ ಸಂಜೆಯ ಹೊತ್ತಿಗೆ ತಲೆನೋವು, ಬೆವರು, ವಾಕರಿಕೆ, ಹೊಟ್ಟೆಕಚ್ಚು, ಒಂದೆರಡು ಸಲ ಭೇದಿ. ಬಿಸಿಲಿಗೆ ಹೀಗಾಯಿತೆಂದು ಮಲಗಿಬಿಡುತ್ತಾರೆ. ಅದು ಬಿಸಿಲಲ್ಲ, ಚರ್ಮದ ಮೂಲಕ ಒಳಸೇರಿದ ವಿಷ ಕೋಲಿನೆಸ್ಟರೇಸನ್ನು ಒಂದಷ್ಟು ತಿಂದುಹಾಕಿದ ಸೂಚನೆ ಇರಬಹುದು. ಕಳೆದುಕೊಂಡ ಕಿಣ್ವವನ್ನು ದೇಹ ಮತ್ತೆ ತಯಾರಿಸಿಕೊಳ್ಳಲು ವಾರಗಳೇ ಬೇಕು. ಮರುದಿನವೇ ಮತ್ತೆ ಕ್ಯಾನು ಹೊತ್ತರೆ ಮೊದಲಿಗಿಂತ ಕಡಿಮೆ ವಿಷಕ್ಕೇ ಹೆಚ್ಚು ತೊಂದರೆಯಾಗುತ್ತದೆ. ರಕ್ತದಲ್ಲಿ ಈ ಕಿಣ್ವ ಎಷ್ಟಿದೆ ಎಂದು ಅಳೆಯುವ ಪರೀಕ್ಷೆಯೂ ಇದೆ. ಸಿಂಪಡಿಸುವಾಗ ತುಂಬುತೋಳಿನ ಅಂಗಿ, ಕೈಗವಸು, ಮೂಗುಬಾಯಿಗೆ ಬಟ್ಟೆ, ಗಾಳಿಗೆ ಬೆನ್ನು ಮಾಡಿ ನಿಲ್ಲುವುದು, ಮುಗಿದೊಡನೆ ಸೋಪಿನ ಸ್ನಾನ, ಇಷ್ಟಾದರೂ ಇರಲಿ. ಆ ಬಟ್ಟೆಯನ್ನು ಮನೆಯಾಕೆ ಮಕ್ಕಳ ಬಟ್ಟೆಯ ಜೊತೆ ನೆನೆಹಾಕುವುದು ಬೇಡ. ಡಬ್ಬದ ಮೇಲಿನ ತ್ರಿಕೋನದ ಬಣ್ಣ ನೋಡಿ ಕೊಳ್ಳಿ: ಕೆಂಪು ಎಲ್ಲಕ್ಕಿಂತ ಘೋರ, ಅನಂತರ ಹಳದಿ, ನೀಲಿ, ಕೊನೆಗೆ ಹಸಿರು. ಉಳಿದ ವಿಷವನ್ನು ಕೂಲ್‌ಡ್ರಿಂಕ್ ಬಾಟಲಿಗೆ ಸುರಿದು ಅಡುಗೆಮನೆಯ ಗೂಡಿನಲ್ಲಿ ಇಡುವ ಅಭ್ಯಾಸವಂತೂ ಇಂದೇ ಹೋಗಲಿ.

ವಿಷದ ಮಾತು ಸಾಕು. ಇದೇ ರಾಸಾಯನಿಕಗಳನ್ನು ಹಿಡಿದು ಕೆಲಸ ಮಾಡುವ ಮಾತ್ರೆಗಳು ನಿಮ್ಮ ಮನೆಯ ಡ್ರಾಯರಿನಲ್ಲೂ ಇವೆ. ಹೊಟ್ಟೆನುಲಿತಕ್ಕೆ ಕೊಡುವ ಡೈಸೈಕ್ಲೋಮಿನ್, ಹಯೋಸಿನ್ ಮಾತ್ರೆಗಳು ಅಟ್ರೋಪಿನ್‌ನ ತಮ್ಮಂದಿರು. ಅಸಿಟೈಲ್‌ಕೋಲಿನನ್ನು ತಡೆದು ಕರುಳಿನ ಬಿಗಿತ ಬಿಡಿಸುತ್ತವೆ. ಆರು ತಿಂಗಳೊಳಗಿನ ಕೂಸಿಗೆ ಡೈಸೈಕ್ಲೋಮಿನ್ ಕೊಡಲೇಬಾರದು. ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿರುವ ಅಜ್ಜನಿಗೆ ಮೂತ್ರವೇ ಕಟ್ಟಿಬಿಡಬಹುದು. ನೆಗಡಿಯ ಹಳೆಯ ಮಾತ್ರೆಗಳು, ನಿದ್ದೆಗೋ ನರದ ಉರಿಗೋ ಕೊಡುವ ಅಮಿಟ್ರಿಪ್ಟಿಲಿನ್, ಕೈನಡುಕಕ್ಕೆ ಕೊಡುವ ಕೆಲವು ಮಾತ್ರೆಗಳು, ಇವಕ್ಕೂ ಅಷ್ಟಿಷ್ಟು ಇದೇ ಗುಣವಿದೆ. ವಯಸ್ಸಾದವರಿಗೆ ಇದ್ದಕ್ಕಿದ್ದಂತೆ ಮಲಬದ್ಧತೆ ಪ್ರಾರಂಭವಾದರೆ ಇನ್ನೊಂದು ಭೇದಿಮಾತ್ರೆ ತರುವ ಮೊದಲು, ಅವರು ನುಂಗುತ್ತಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ವೈದ್ಯರಿಗೆ ತೋರಿಸಿ. ಎಷ್ಟೋ ಸಲ ಕಾರಣ ಆ ಚೀಲದಲ್ಲೇ ಸಿಗುತ್ತದೆ.

ಭೇದಿ ನಿಲ್ಲಿಸುವ ಲೋಪೆರಮೈಡ್‌ನ ದಾರಿ ಬೇರೆ. ಅಫೀಮು ತಿಂದವರಿಗೆ ಮಲ ಕಟ್ಟುತ್ತದೆಂದು ಹಿಂದಿನವರಿಗೆ ಗೊತ್ತಿತ್ತು. ಅಫೀಮು ಕರುಳಿನ ನರಗಳ ಮೇಲಿನ ಗ್ರಾಹಕಕ್ಕೆ ಅಂಟಿ ಅಸಿಟೈಲ್‌ಕೋಲಿನ್ ಹೊರಬಾರದಂತೆ ಮಾಡುತ್ತದೆ. ನಮ್ಮ ದೇಹದಲ್ಲಿ ಅಫೀಮಿಗೆಂದು ಗ್ರಾಹಕವೇಕಿದೆ? ಸ್ಕಾಟ್ಲೆಂಡಿನ ಹ್ಯೂಸ್ ಮತ್ತು ಕಾಸ್ಟರ್‌ಲಿಟ್ಜ್ 1975ರಲ್ಲಿ ಉತ್ತರ ಕಂಡುಹಿಡಿದರು: ದೇಹ ತಾನೇ ಅಫೀಮಿನಂತಹ ವಸ್ತುಗಳನ್ನು ತಯಾರಿಸುತ್ತದೆ. ಅವರು ಅದನ್ನು ಪರೀಕ್ಷಿಸಿದ ಸಾಧನಗಳಲ್ಲಿ ಒಂದು ಗಿನಿಪಿಗ್ಗಿನ ಕರುಳಿನ ತುಂಡು. ಲೋಪೆರಮೈಡ್ ಅದೇ ಗ್ರಾಹಕಕ್ಕೆ ಅಂಟುತ್ತದೆ, ಮಿತಿಯಲ್ಲಿ ತೆಗೆದುಕೊಂಡರೆ ಮಿದುಳಿಗೆ ಹೋಗುವುದಿಲ್ಲ. ಆದರೆ ಭೇದಿಯೆಂಬುದು ಎಷ್ಟೋ ಸಲ ಕರುಳು ಕೊಳೆಯನ್ನು ಹೊರಹಾಕುವ ಯತ್ನ. ಮಲದಲ್ಲಿ ರಕ್ತವಿದ್ದರೆ, ಜ್ವರವಿದ್ದರೆ ಕರುಳನ್ನು ಕಟ್ಟಿಹಾಕುವುದು ಕೇಡು. ಸಣ್ಣಮಕ್ಕಳಿಗೆ ಈ ಮಾತ್ರೆ ಬೇಡವೇ ಬೇಡ. ಅವರಿಗೆ ಬೇಕಾದ್ದು ಒಆರ್‌ಎಸ್ ನೀರು, ಜೊತೆಗೆ ವೈದ್ಯರು ಹೇಳಿದ ಸತುವಿನ ಮಾತ್ರೆ.

ಹಲವು ವರ್ಷದ ಸಕ್ಕರೆ ಕಾಯಿಲೆಯಲ್ಲಿ ಪಾದದ ನರಗಳು ಜೋಮು ಹಿಡಿದಂತೆ ಜಠರ, ಕರುಳಿನ ನರಗಳೂ ಹಾಳಾಗುತ್ತವೆ. ಎರಡು ತುತ್ತಿಗೇ ಹೊಟ್ಟೆ ತುಂಬುವುದು, ಒಂದು ವಾರ ಮಲಬದ್ಧತೆ, ಇನ್ನೊಂದು ವಾರ ರಾತ್ರಿ ಭೇದಿ ಎಂದಾದರೆ ಅದನ್ನು ವೈದ್ಯರಿಗೆ ಹೇಳಬೇಕು.

ಹುಟ್ಟುವಾಗಲೇ ಕರುಳಿನ ಕೊನೆಯ ಭಾಗದಲ್ಲಿ ನರಕೋಶಗಳೇ ಇಲ್ಲದ ಕೂಸುಗಳೂ ಇವೆ, ಸುಮಾರು ಐದು ಸಾವಿರಕ್ಕೆ ಒಂದು. ತಾಯಿಯ ಗರ್ಭದಲ್ಲಿ ನರಕೋಶಗಳು ಕರುಳಿನ ಮೇಲ್ತುದಿಯಿಂದ ಕೆಳತುದಿಗೆ ನಡೆದು ಬರುತ್ತವೆ. ಈ ಕೂಸುಗಳಲ್ಲಿ ಅವು ದಾರಿಯಲ್ಲೇ ನಿಂತುಬಿಟ್ಟಿರುತ್ತವೆ. ಡೆನ್ಮಾರ್ಕಿನ ಹರ್ಷ್‌ಸ್ಪ್ರುಂಗ್ 1886ರಲ್ಲಿ ಇದನ್ನು ವರ್ಣಿಸಿದುದರಿಂದ ರೋಗಕ್ಕೆ ಅವರದೇ ಹೆಸರು. ನರವಿಲ್ಲದ ಭಾಗಕ್ಕೆ ‘ಸಡಿಲವಾಗು’ ಎನ್ನುವವರಿಲ್ಲ, ಆದುದರಿಂದ ಅದು ಸದಾ ಬಿಗಿದುಕೊಂಡೇ ಇರುತ್ತದೆ. ಮೇಲಿನ ಒಳ್ಳೆಯ ಕರುಳು ಮಲ ತುಂಬಿ ಉಬ್ಬುತ್ತದೆ. ಬಾಣಂತಿಯ ಮನೆಯವರು ನೋಡಬೇಕಾದ್ದಿಷ್ಟೆ: ತಿಂಗಳು ತುಂಬಿ ಹುಟ್ಟಿದ ಕೂಸು ಮೊದಲ ಕಪ್ಪುಮಲವನ್ನು ಸಾಮಾನ್ಯವಾಗಿ 24 ಗಂಟೆಯೊಳಗೆ ಮಾಡುತ್ತದೆ. 48 ಗಂಟೆಯಾದರೂ ಮಾಡದಿದ್ದರೆ, ಹೊಟ್ಟೆ ಉಬ್ಬಿದರೆ, ಹಸಿರು ವಾಂತಿಯಾದರೆ ವೀಳ್ಯದೆಲೆಯ ತೊಟ್ಟಿಗೆ ಎಣ್ಣೆ ಸವರಿ ಗುದಕ್ಕೆ ಇಡುವ ಅಜ್ಜಿಯ ಉಪಾಯವನ್ನು ಬಿಟ್ಟು ಮಕ್ಕಳ ವೈದ್ಯರಲ್ಲಿಗೆ ಹೋಗಿ. ನರವಿಲ್ಲದ ಭಾಗವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದು ಮೇಲಿನ ಕರುಳನ್ನು ಕೆಳಗೆ ಜೋಡಿಸುತ್ತಾರೆ, ಬಹುಪಾಲು ಮಕ್ಕಳು ಚೆನ್ನಾಗಿ ಬೆಳೆಯುತ್ತಾರೆ.

ಕೊನೆಗೆ, ಹೊಟ್ಟೆಯ ಆಪರೇಷನ್ ಆದವರನ್ನು ಡಾಕ್ಟರು ಬೆಳಗಾದರೆ ‘ಗ್ಯಾಸ್ ಹೋಯಿತೇ?’ ಎಂದು ಕೇಳುವುದು, ನೋಡಲು ಬಂದ ನೆಂಟರು ಮುಸಿಮುಸಿ ನಗುವುದು ಎಲ್ಲ ವಾರ್ಡುಗಳಲ್ಲೂ ಉಂಟು. ಕೈ ತಾಕಿದ ಕರುಳು, ನೋವಿಗೆ ಕೊಟ್ಟ ಅಫೀಮು ಜಾತಿಯ ಇಂಜೆಕ್ಷನ್, ಎಲ್ಲ ಸೇರಿ ಎರಡು ಮೂರು ದಿನ ಅಲ್ಲಿಯ ನರಗಳು ಮಾತು ನಿಲ್ಲಿಸಿರುತ್ತವೆ. ಸಣ್ಣಕರುಳು ಮೊದಲು ಎಚ್ಚರಗೊಳ್ಳುತ್ತದೆ, ದೊಡ್ಡಕರುಳು ಎಲ್ಲಕ್ಕಿಂತ ಕೊನೆಗೆ. ಗ್ಯಾಸ್ ಹೋಯಿತೆಂದರೆ ಕೊನೆಯದೂ ಎದ್ದಿತೆಂದು ಅರ್ಥ. ಹೋಗಿದ್ದರೆ ನಾಚಿಕೊಳ್ಳದೆ ಹೇಳಿಬಿಡಿ, ಗಂಜಿ ಸ್ವಲ್ಪ ಬೇಗ ಸಿಗುತ್ತದೆ.